ಆಲ್ಫ್ರೆಡನ ಸಿಗ್ನಲ್ ಸರ್ಕಾರ

ಯಾರದೋ ಚುನಾವಣೆಗೆ ಕಾವಲು ಕೂರುವವರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ. ಐರ್ಲೆಂಡಿನ ಕಾರ್ಕ್ ನಗರದ ಡಗ್ಲಸ್‌ನಲ್ಲಿ ಆ ಒಬ್ಬರು ತನ್ನ ಗಂಡನೇ ಆಗಬೇಕಿತ್ತೇ ಎಂಬುದು ಜುಲಿಯಾನಾಳ ಗೋಳು. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ಆಲ್ಫ್ರೆಡ್ ಮಾತ್ರ ಕಾಫಿಗೆ ಮೊದಲೇ ಫೋನಿನಲ್ಲಿ ಜರ್ಮನಿಯ ಮೈಂಟ್ಸ್ ತಲುಪಿರುತ್ತಾನೆ. ಅಲ್ಲಿ ಮಾರ್ಚ್‌ನಲ್ಲಿ ರಾಜ್ಯದ ಮತದಾನ ಮುಗಿದು, ಕೆಂಪು, ಹಸಿರು, ಹಳದಿ ಬಣ್ಣದ ಮೂರು ಪಕ್ಷಗಳು ಸಮ್ಮಿಶ್ರ ಸರ್ಕಾರಕ್ಕೆ ಮಾತುಕತೆ ನಡೆಸುತ್ತಿವೆ. ಅದು ಸಿಗ್ನಲ್ ಸರ್ಕಾರವಂತೆ. ಅದನ್ನು ವಿವರಿಸಲು ಊಟದ ಮೇಜಿನ ಮೇಲೆ ಟೊಮೆಟೊ, ಹಸಿಮೆಣಸು, ನಿಂಬೆಹಣ್ಣು ಸಾಲಾಗಿ ಕೂತಿವೆ. ಬಂಗುಡೆ ಮೀನಿಗೆ ಹಿಂಡಲು ಅವಳು ನಿಂಬೆಗೆ ಕೈ ಹಾಕಿದರೆ, “ಜೂಲಿ, ಅದನ್ನ ಮುಟ್ಬೇಡ, ಬಹುಮತ ಹೋಗ್ತದೆ” ಎನ್ನುತ್ತಾನೆ. “ನಿಮ್ಮ ಬಹುಮತ ಆಗಲೇ ಬಾಡಿದೆ.” “ಗ್ರ್ಯಾಂಡ್, ಪರವಾಗಿಲ್ಲ, ಮಾತುಕತೆ ಅಂದ್ರೆ ಹಾಗೇ.” ಝೂಮ್‌ನಲ್ಲಿ ಚರ್ಚಿನವರ ಜಪಸರ ನಡೆಯುವಾಗ ರೋಗಿಗಳ ಹೆಸರಿನ ಜೊತೆಗೆ ಹಸಿರು ಪಕ್ಷಕ್ಕೂ ಒಂದು ಪ್ರಾರ್ಥನೆ ಕೋರಿದ್ದ ಮಹಾನುಭಾವ ಅವನು. ಕಡೆಗೂ ಮೇ ತಿಂಗಳಲ್ಲಿ ಆ ಸರ್ಕಾರ ಪ್ರಮಾಣವಚನ ಸ್ವೀಕರಿಸಿದಾಗ ಜುಲಿಯಾನಾ ಉಸಿರು ಬಿಟ್ಟು ಮೇಜು ಖಾಲಿ ಮಾಡಿದಳು. ಆಲ್ಫ್ರೆಡ್ ಫೋನ್ ತೆಗೆದು, ಮತ್ತೆ ಮೇಜಿನ ಮೇಲಿಟ್ಟ. ತನ್ನ ಮದುವೆಯ ಮಾತಿಗೆ ಜಗಳವಾದ ಮೇಲೆ, ಮೈಂಟ್ಸ್‌ನಲ್ಲಿರುವ ಮಗಳು ಸೋನಲ್ ಅಪ್ಪನೊಂದಿಗೆ ಮಾತಾಡುತ್ತಿದ್ದುದು ಈ ಒಂದೇ ವಿಷಯ. “ಇನ್ನು ಏನಂತ ಫೋನ್ ಮಾಡ್ಲಿ?” ಎಂದ. ಜುಲಿಯಾನಾ ಬಂಗುಡೆಗಿಟ್ಟಿದ್ದ ನಿಂಬೆಯನ್ನು ತಂದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಒಂದು ಕಪ್ಪು ಬದನೆಕಾಯಿಯನ್ನೂ ಕೂರಿಸಿದಳು. “ಜೂನ್‌ನಲ್ಲಿ ಇನ್ನೊಂದು ರಾಜ್ಯದ ಚುನಾವಣೆ ಉಂಟಂತೆ. ಅಲ್ಲಿ ಕಪ್ಪು ಪಕ್ಷ ದೊಡ್ಡದಂತೆ. ಅವಳನ್ನೇ ಕೇಳಿ.”