ನೀರುಗಳ್ಳಿ ಎಂದವರಲ್ಲಿ ನಾನೂ ಇದ್ದೆ

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪ ಕಮಲಾಪುರದ ಕಾಲುವೆಗೆ ನೀರುಗಂಟಿಯಾಗಿದ್ದ. ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುವವನು ಅವನೇ. ಒಬ್ಬರ ಸರದಿ ಮುಗಿದರೆ, ಅವರ ಗದ್ದೆಗೆ ನೀರು ತಿರುಗುವ ಗಂಡಿಗೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ತನ್ನ ಬಲಗಾಲು ಒತ್ತಿ ಬರುತ್ತಿದ್ದ. ಆ ಹೆಜ್ಜೆಯೇ ಬೀಗ. ಅದನ್ನು ಒಡೆದವರಿಗೆ ಮುಂದಿನ ಸರದಿಯ ನೀರಿಲ್ಲ. ಅಪ್ಪನ ಪಾದವೋ ಮೊರದಷ್ಟು ಅಗಲ, ಅದರ ಗುರುತು ಊರಿಗೆಲ್ಲ ಗೊತ್ತಿತ್ತು.

ಕಾಲುವೆಯ ತುದಿಯಲ್ಲಿ ಊರ ಧಣಿಯ ಬಾಳೆತೋಟ. ಅದಕ್ಕಿಂತ ಸ್ವಲ್ಪ ಮೇಲೆ ಒಬ್ಬಳೇ ಇದ್ದ ಒಬ್ಬ ಅಜ್ಜಿಯ ಅಂಗೈಯಗಲ ಗದ್ದೆ. ಧಣಿ ಸರದಿ ಇಲ್ಲದ ದಿನವೂ ನೀರು ಎಳೆದುಕೊಳ್ಳುತ್ತಿದ್ದರು. ಆಗ ಜನ, "ಧಣೇರು ಒಂದೀಟು ಜಾಸ್ತಿ ಹಾಯಿಸ್ಕೊಂಡಾರ" ಎಂದು ಮೆಲ್ಲಗೆ ಹೇಳಿ ಸುಮ್ಮನಾಗುತ್ತಿದ್ದರು. ಅದೇ ಕೆಲಸ ಬಡವರು ಮಾಡಿದರೆ ಹೆಸರುಗಳಿಗೆ ಬರವಿರಲಿಲ್ಲ. ಪುಂಡ, ಉಡಾಳ, ನೀರುಗಳ್ಳ. ಹೆಂಗಸಾದರೆ ಗಂಡುಬೀರಿ ಎಂಬುದೂ ಸೇರುತ್ತಿತ್ತು.

ಒಂದು ಸಲ ಅಜ್ಜಿಯ ಸರದಿ ಬಂದ ದಿನವೇ ಧಣಿಯ ಆಳು ಬಂದು ಅವಳ ಗದ್ದೆಯ ಗಂಡಿಗೆ ಮಣ್ಣು ಮೆತ್ತಿದ. ಅಪ್ಪ ಅದರ ಮೇಲೆ ಕಾಲೊತ್ತಿದ. ಎರಡು ದಿನ ಕಳೆಯಿತು. ಬಿಸಿಲಿಗೆ ಗದ್ದೆಯ ನೆಲ ಬಿರಿದು, ಬಿರುಕಿನೊಳಗೆ ನನ್ನ ಬೆರಳು ಪೂರಾ ಇಳಿಯುತ್ತಿತ್ತು. ಮೂರನೆಯ ದಿನ ಅಜ್ಜಿ ಅಪ್ಪನ ಮುಂದೆ ಬಂದು ನಿಂತಳು.

"ಯಪ್ಪಾ, ತೆನಿ ಹೊರಗ ಬರಾಕ ಹತ್ಯಾವ. ಇವತ್ತು ನೀರು ಸಿಗಲಿಲ್ಲಂದ್ರ ಎಲ್ಲಾ ಜೊಳ್ಳಾಗ್ತದ."

"ನಾಳಿ ನೋಡೋಣು, ತಡಿಬೇ" ಎಂದ ಅಪ್ಪ, ನೆಲ ನೋಡುತ್ತಾ.

ರೊಟ್ಟಿಯ ಗಂಟು ತಂದಿದ್ದ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡಳು. ಅವಳಿಗೆ ಹದಿಮೂರು, ನನಗೆ ಎಂಟು. ಅಪ್ಪ ಉಂಡು ಮೇಲಿನ ಗದ್ದೆಗಳ ಕಡೆ ಹೋದದ್ದೇ ತಡ, ಅವಳು ಸಲಿಕೆ ಎತ್ತಿ ಆ ದೊಡ್ಡ ಹೆಜ್ಜೆಯ ನಡುವೆಯೇ ಹಾಕಿದಳು. ನೀರು ಬುಳುಬುಳು ನುಗ್ಗಿತು. ಒಣಮಣ್ಣು ನೀರು ಕುಡಿಯುವ ಸದ್ದು, ಆ ವಾಸನೆ ನನಗೆ ಈಗಲೂ ನೆನಪಿದೆ. ಅಜ್ಜಿ ಕೈ ಮುಗಿದು ನೀರನ್ನೇ ನೋಡುತ್ತಿದ್ದಳು. ನೆಲ ನೆನೆದ ಮೇಲೆ ಅಕ್ಕ ಮಣ್ಣು ಮೆತ್ತಿ ತನ್ನ ಬಲಗಾಲು ಒತ್ತಿದಳು. "ಲೇ, ಯಾರ ಮುಂದನೂ ಹೇಳಬ್ಯಾಡ" ಎಂದು ನನಗೆ ಹೇಳಿ ಮನೆಗೆ ಹೋದಳು. ಹೆಜ್ಜೆಯಿದ್ದರೆ ಸಾಕು, ಯಾರದೆಂದು ಯಾರು ನೋಡುತ್ತಾರೆ ಅಂದುಕೊಂಡಿದ್ದಳೋ ಏನೋ.

ಧಣಿ ನೋಡಿದರು. ತೋಟಕ್ಕೆ ನೀರು ಸಣ್ಣಗಾಯಿತೆಂದು ಕಾಲುವೆಗುಂಟ ಬಂದವರು ಅಲ್ಲೇ ನಿಂತು ಅಪ್ಪನನ್ನು ಕೂಗಿ ಕರೆದರು.

"ಇದು ನಿನ್ನ ಕಾಲೇನಲೇ? ಯಾವ ಪುಂಡರು ಒಡೆದೋರು? ನೀರುಗಂಟಿ ಕೆಲಸ ಬ್ಯಾಡಾಗೇತೇನು ನಿನಗ?"

ಅಪ್ಪ ಕುಕ್ಕರುಗಾಲಲ್ಲಿ ಕೂತು ಆ ಸಣ್ಣ ಹೆಜ್ಜೆಯನ್ನೇ ಬಹಳ ಹೊತ್ತು ನೋಡಿದ. ಧಣಿ ನನ್ನ ಕಾಲು ನೋಡಿದರು. ಅಕ್ಕನ ಹೆಸರು ಹೇಳಬಾರದು, ನನ್ನ ಹೆಸರು ಬರಬಾರದು.

"ಅಜ್ಜಿ ಒಡೆದ್ಳು" ಅಂದೆ.

ಮೊಣಕಾಲುದ್ದ ಕೆಸರಿನಲ್ಲಿದ್ದ ಅಜ್ಜಿ ಬದುವಿಗೆ ಬಂದಳು. ನನ್ನನ್ನು ಒಂದೇ ಒಂದು ಸಲ ನೋಡಿದಳು. "ಹೌದ್ರಿ ಧಣಿ, ನಾನಽ ಒಡದೀನಿ" ಅಂದಳು. ಅವಳ ಮುಂದಿನ ಸರದಿ ಹೋಯಿತು. ಅಪ್ಪ ಎದ್ದು, ಆ ಸಣ್ಣ ಹೆಜ್ಜೆಯ ಮೇಲೆ ತನ್ನ ಕಾಲನ್ನು ಬಲವಾಗಿ ಒತ್ತಿದ. ಮಗಳ ಪಾದ ಅಪ್ಪನಿಗೆ ಗುರುತು ಸಿಗದೇ ಇರುತ್ತದೆಯೇ? ಇದು ನನಗೆ ಹೊಳೆದದ್ದು ನಾನೂ ಅಪ್ಪನಾದ ಮೇಲೆ.

ಸಂಜೆ ವಿಷಯ ತಿಳಿದು ಅಕ್ಕ ಅಳುತ್ತಾ ಅಜ್ಜಿಯ ಮನೆಗೆ ಓಡಿದಳು. ನಾನು ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

"ಸುಮ್ನಿರವ್ವ" ಅನ್ನುತ್ತಿದ್ದಳು ಅಜ್ಜಿ. "ನಿನ್ನ ಹೆಸರು ಬಂದ್ರ ನಿಮ್ಮಪ್ಪನ ಕೆಲಸ ಹೋಗ್ತದ. ನನಗ ಬೈದ್ರ ಮೈಗೆ ಗಾಯ ಆಗ್ತದೇನು?"

ಮರುದಿನದಿಂದ ಓಣಿಯ ಹುಡುಗರು ಅವಳನ್ನು ಕಂಡರೆ "ನೀರುಗಳ್ಳಿ, ನೀರುಗಳ್ಳಿ" ಎಂದು ಕೂಗತೊಡಗಿದರು. ನಾನೂ ಕೂಗಿದೆ. ಯಾರಿಗೂ ಅನುಮಾನ ಬಾರದಿರಲೆಂದು ಎಲ್ಲರಿಗಿಂತ ಜೋರಾಗಿಯೇ ಕೂಗಿದೆ. ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಸುಗ್ಗಿಯಲ್ಲಿ ಪ್ರತಿ ಕಣದಿಂದ ನೀರುಗಂಟಿಗೆ ಒಂದು ಮೊರ ಭತ್ತ ಕೊಡುವುದು ಪದ್ಧತಿ. ಒಂದು ಸರದಿ ತಪ್ಪಿದ್ದರಿಂದ ಅಜ್ಜಿಯ ರಾಶಿಯಲ್ಲಿ ಅರ್ಧ ಜೊಳ್ಳು. ಅವಳು ನಮಗೆ ಕೊಡದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕೊಡದಿರಲಿ ಎಂದೇ ನಾನು ಬೇಡಿಕೊಂಡಿದ್ದೆ. ಆದರೆ ನನ್ನನ್ನು ಕೂಗಿ ಕರೆದಳು. ಜೊಳ್ಳೆಲ್ಲ ಹಾರುವವರೆಗೆ ತೂರಿ, ಗಟ್ಟಿ ಕಾಳನ್ನೇ ಮೊರ ತುಂಬಿ ನನ್ನ ಟವೆಲ್ಲಿಗೆ ಸುರಿದಳು. "ನಿಮ್ಮಪ್ಪನ ಪಾಲು. ಚೆಲ್ಲಬ್ಯಾಡಪ್ಪ, ಹುಷಾರಿ" ಅಂದಳು. ತಪ್ಪಾಯಿತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಟು ಹೊತ್ತು ಓಡಿಬಿಟ್ಟೆ. ಆ ಮಾತು ಹೇಳುವಷ್ಟು ನಾನು ದೊಡ್ಡವನಾಗುವ ಹೊತ್ತಿಗೆ ಅಜ್ಜಿಯೇ ಇರಲಿಲ್ಲ.

ಮಕ್ಕಳೇ, ಈಗ ಹೊಸಪೇಟೆಯ ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ನಿಮಗೆ ಸರದಿಯಿಲ್ಲ, ಮಣ್ಣಿನ ಬೀಗವಿಲ್ಲ. ಆದರೆ ಹೆಸರಿಡುವವರು ಈಗಲೂ ಇದ್ದಾರೆ. ಹೋದ ವಾರ ಶಾಲೆಯ ನಲ್ಲಿ ಕೆಟ್ಟಿತ್ತಂತೆ. ಬಾಯಾರಿದ ಒಂದನೇ ತರಗತಿಯ ಮಕ್ಕಳನ್ನು ನಮ್ಮ ಮೊಮ್ಮಗಳು ಮೇಷ್ಟ್ರ ಕೋಣೆಗೆ ಕರೆದೊಯ್ದು, ಅಲ್ಲಿದ್ದ ಫಿಲ್ಟರಿನಿಂದ ಬಾಟಲಿ ತುಂಬಿಸಿಕೊಟ್ಟಳಂತೆ. "ಯಾವಳು ಆ ತಲೆಹರಟೆ?" ಎಂದು ಮೇಷ್ಟ್ರು ಇಡೀ ಶಾಲೆಯನ್ನು ಕೂರಿಸಿ ಕೇಳಿದಾಗ ಅವಳು ಎದ್ದು ನಿಂತಳಂತೆ. ಯಾರೂ ಕೇಳದಿದ್ದರೂ ಅವಳ ತಮ್ಮ, "ನಾನೂ ಇದ್ದೆ ಸರ್" ಎಂದು ಪಕ್ಕದಲ್ಲಿ ನಿಂತನಂತೆ. ಇಬ್ಬರೂ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ಮುಖ ಕೆಂಪಗೆ ಮಾಡಿಕೊಂಡು ಬಂದರು.

ಅವರಮ್ಮ ಬೈದಳು. ನಾನು ಹುಡುಗನ ಸುಡುತ್ತಿದ್ದ ತಲೆಯ ಮೇಲೆ ಕೈಯಿಟ್ಟೆ. ಅವನಿಗೂ ಈಗ ಎಂಟೇ ವರ್ಷ.