ಅವ್ವ ಇಲ್ಲದ ಫೋಟೊಗಳು

ಮಗಳ ಆರತಕ್ಷತೆಗೆ ಸ್ಲೈಡ್‌ಶೋ ನಾನೇ ಮಾಡುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಈಗ ದಾವಣಗೆರೆಯ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ವೇದಿಕೆಯ ಪಕ್ಕ ದೊಡ್ಡ ಪರದೆಯೊಂದು ಇದ್ದೇ ಇರುತ್ತದೆ. ಹುಡುಗಿ ತೊಟ್ಟಿಲಲ್ಲಿ, ಹುಡುಗಿ ಶಾಲೆಯ ಸಮವಸ್ತ್ರದಲ್ಲಿ, ಹುಡುಗಿ ಪದವಿಯ ಕರಿ ಟೋಪಿಯಲ್ಲಿ, ಹಿಂದೆ ಒಂದು ಸಿನಿಮಾ ಹಾಡು. ಜನ ಒಂದು ಕಣ್ಣು ಅದರ ಮೇಲೆ, ಇನ್ನೊಂದು ಕಣ್ಣು ಊಟದ ಹಾಲಿನ ಬಾಗಿಲ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ನಮ್ಮದು ಹಾಗೆ ಬೇಡ, ನಮ್ಮ ಮನೆತನದ ಎಲ್ಲ ಮದುವೆಗಳ ಫೋಟೊ ಹಾಕಿ ಒಂದೊಂದರ ಕಥೆಯನ್ನೂ ನನ್ನ ದನಿಯಲ್ಲೇ ಹೇಳುತ್ತೇನೆ ಎಂದೆ. ಇಪ್ಪತ್ತಾರು ವರ್ಷ ಹೈಸ್ಕೂಲಿನ ಮಕ್ಕಳಿಗೆ ಬೀಜಗಣಿತ ಕಲಿಸಿದವಳು ನಾನು. ಫೋನಿನ ಒಂದು ಆ್ಯಪ್ ಕಲಿಯುವುದು ನನಗೇನು ದೊಡ್ಡದಲ್ಲ.

ಆಲ್ಬಮ್ಮುಗಳೆಲ್ಲ ಇದ್ದದ್ದು ಪಿ.ಜೆ. ಬಡಾವಣೆಯ ದೊಡ್ಡಪ್ಪನ ಮನೆಯಲ್ಲಿ. ಅಪ್ಪನ ಅಣ್ಣ ಅವರು, ನಮ್ಮ ಮನೆತನಕ್ಕೇ ಹಿರಿಯರು. ಏಳು ಆಲ್ಬಮ್ ಆಟೋದಲ್ಲಿ ಹಾಕಿಕೊಂಡು ಕೆ.ಬಿ. ಬಡಾವಣೆಯ ನಮ್ಮ ಮನೆಗೆ ತಂದು ನಡುಮನೆಯಲ್ಲಿ ಹರಡಿದೆ. ಪುಟಗಳ ನಡುವಿನ ತೆಳು ಕಾಗದ ಫೋಟೊಗಳಿಗೆ ಅಂಟಿಕೊಂಡಿತ್ತು. ನಾನು ಒಂದೊಂದೇ ಬಿಡಿಸಿ ಕೊಡುತ್ತಿದ್ದೆ, ಮಗಳು ಫೋನಿನಲ್ಲಿ ತೆಗೆದುಕೊಳ್ಳುತ್ತಿದ್ದಳು. ಮೂರನೆಯ ಆಲ್ಬಮ್ಮಿಗೆ ಬಂದಾಗ ಅವಳು ಕೈ ನಿಲ್ಲಿಸಿದಳು.

"ಅಮ್ಮಾ, ಹರಿಹರದ ಅಜ್ಜಿ ಎಲ್ಲಿ?"

"ಇರ್ತಾಳೆ ನೋಡು" ಎಂದೆ.

ಇರಲಿಲ್ಲ. ಏಳೂ ಆಲ್ಬಮ್ ಮುಗಿದವು. ಚಿಕ್ಕಪ್ಪನ ಮದುವೆ, ಅತ್ತೆಯಂದಿರ ಮದುವೆ, ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳ ಮದುವೆ, ಎಲ್ಲೂ ಅವ್ವ ಇಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಇಲ್ಲ. ಅಲ್ಲಿ ನನ್ನನ್ನು ಧಾರೆ ಎರೆದು ಕೊಡುತ್ತಿರುವವರು ದೊಡ್ಡಪ್ಪ, ದೊಡ್ಡಮ್ಮ. ನನ್ನನ್ನು ಹೆತ್ತವಳು ಆ ಹೊತ್ತಿನಲ್ಲಿ ಉಗ್ರಾಣದಲ್ಲಿ ಬಾಳೆಎಲೆ ಒರೆಸುತ್ತಿದ್ದಳು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮಗಳು ಕೇಳುವವರೆಗೂ ನಾನು ಇದನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ, ಅದಕ್ಕೆ ನನಗೆ ನಾಚಿಕೆಯಾಯಿತು.

ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅವ್ವನಿಗೆ ಮೂವತ್ತಮೂರು. ಅವಳು ನನ್ನನ್ನು ಕರೆದುಕೊಂಡು ಹರಿಹರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದಳು, ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ ತಂದಳು, ಜಂಪರ್ ಹೊಲಿಯಲು ಕೂತಳು. ಮನೆತನದ ಮದುವೆಗಳಿಗೆಲ್ಲ ಎಂಟು ದಿನ ಮುಂಚೆ ಬಂದು ಮೈಮುರಿದು ಕೆಲಸ ಮಾಡುತ್ತಿದ್ದಳು. ಮುತ್ತೈದೆಯರು ಅಕ್ಷತೆ ಹಿಡಿದು ನಿಲ್ಲುವ ಹೊತ್ತಿಗೆ, ಫೋಟೊಗೆ ಎಲ್ಲರನ್ನೂ ಕರೆಯುವ ಹೊತ್ತಿಗೆ ಅವಳು ಅಲ್ಲಿರುತ್ತಿರಲಿಲ್ಲ. ಹೋಗು ಎಂದು ಒಬ್ಬರೂ ಹೇಳಿದವರಲ್ಲ. ಬಾ ಎಂದೂ ಒಬ್ಬರೂ ಹೇಳಿದವರಲ್ಲ.

ಆಲ್ಬಮ್ ಮುಚ್ಚಿಡಬೇಕು ಎನ್ನುವಾಗ ಚಿಕ್ಕಪ್ಪನ ಮದುವೆಯ ಒಂದು ಗುಂಪು ಫೋಟೊ ಮತ್ತೆ ಕಣ್ಣಿಗೆ ಬಿತ್ತು. ಹನ್ನೊಂದು ಜನ ಹೆಂಗಸರು. ಪಫ್ ತೋಳು, ತೋಳಿಗೆ ಜರಿಯ ಪಟ್ಟಿ, ತೋಳ ತುದಿಗೆ ದಾರದ ಗೊಂಡೆ. ಹನ್ನೊಂದೂ ಅವ್ವನ ಹೊಲಿಗೆ. ಜವಳಿ ತೆಗೆದ ಮರುದಿನವೇ ದಾವಣಗೆರೆಯಿಂದ ಜಂಪರ್ ಬಟ್ಟೆಯ ಗಂಟು ಹರಿಹರಕ್ಕೆ ಬಸ್ಸಿನಲ್ಲಿ ಬರುತ್ತಿತ್ತು, ಜೊತೆಗೆ ಒಬ್ಬೊಬ್ಬರದು ಒಂದೊಂದು ಅಳತೆ ಜಂಪರ್. ಮದುಮಗಳ ಜಂಪರಂತೂ ಅವ್ವನೇ ಹೊಲಿಯಬೇಕು, ಬೇರೆಯವರದು ಮೈಗೆ ಕೂಡುವುದಿಲ್ಲ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ನೆತ್ತಿಗೆ ಪಿತ್ತ ಏರಿತು ನನಗೆ. ಧಾರೆಯ ಸೀರೆಯ ಕೆಳಗೆ ಮದುಮಗಳ ಮೈಗೆ ತಾಗಿಕೊಂಡಿರಲು ಅವಳ ಹೊಲಿಗೆ ಆಗುತ್ತದೆ, ಪಕ್ಕದಲ್ಲಿ ನಿಲ್ಲಲು ಅವಳು ಆಗುವುದಿಲ್ಲ! ಮುಖಕ್ಕೆ ಮೈಲಿಗೆ, ಕೈಗಿಲ್ಲ. ಇದು ಯಾವ ಲೆಕ್ಕ? ಸ್ಲೈಡ್‌ಶೋದಲ್ಲಿ ನಾನು ಹೇಳಬೇಕಾದ ಕಥೆ ಇದೇ ಎಂದು ಅಲ್ಲೇ ತೀರ್ಮಾನಿಸಿದೆ.

ಭಾನುವಾರ ಲ್ಯಾಪ್‌ಟಾಪ್ ಹಿಡಿದು ಹರಿಹರಕ್ಕೆ ಹೋದೆ. ಅವ್ವನಿಗೆ ಈಗ ಎಪ್ಪತ್ತಾರು. ನಮ್ಮ ಮನೆಗೆ ಬಾ ಎಂದರೆ ಜಪ್ಪಯ್ಯ ಅಂದರೂ ಬರುವುದಿಲ್ಲ, ಗಿರಾಕಿಗಳು ಕಾಯುತ್ತಾರಂತೆ. ಮಿಷನ್ನಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಫೋಟೊ ಒಂದೊಂದಾಗಿ ತೋರಿಸಿದೆ. ಮುಖಗಳನ್ನು ಅವಳು ನೋಡಲೇ ಇಲ್ಲ.

"ಈ ಮೆಂತ್ಯೆ ಬಣ್ಣದ್ದು ನೋಡು, ಬಟ್ಟೆ ಸಾಲ್ದೆ ಕಂಕುಳಾಗ ತುಂಡು ಕೂಡಿಸಿದ್ದೆ. ಇವತ್ತಿಗೂ ಯಾರಿಗೂ ಗೊತ್ತಿಲ್ಲ" ಎಂದಳು. "ಇದು ನಿಮ್ಮ ಸಣ್ಣತ್ತೇದು. ಎರಡು ಸಾರಿ ಬಿಚ್ಚಿ ಹೊಲ್ದೆ. ಆಕಿಗೆ ಆಗ ಮೂರು ತಿಂಗಳು, ಗಂಡಗೂ ಹೇಳಿರ್ಲಿಲ್ಲ. ನಂಗೆ ಅಳತೆ ಹೇಳ್ತು."

"ಈ ಕೈ ಯಾರ್ದು ಅವ್ವಾ?" ದೊಡ್ಡಪ್ಪನ ಹಿರಿಮಗಳ ಮದುವೆಯ ಫೋಟೊ ಅದು. ಮದುಮಗಳ ಬೆನ್ನ ಹಿಂದೆ, ಚೌಕಟ್ಟಿನ ಅಂಚಿನಲ್ಲಿ, ಸೂಜಿ ಹಿಡಿದ ಒಂದು ಕೈ ಮಾತ್ರ ಇತ್ತು.

"ನಂದು. ಹುಕ್ಕು ಕಿತ್ತಿತ್ತು. ಹಾಕಿಕೊಟ್ಟು ಓಡಿಬಂದೆ."

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಇದನ್ನೆಲ್ಲ ಆರತಕ್ಷತೆಯಲ್ಲಿ ಎಲ್ಲರ ಮುಂದೆ ಹಾಕುತ್ತೇನೆ ಎಂದಾಗ ಅವಳ ನಗುವೂ ನಿಂತಿತು.

"ಬ್ಯಾಡವ್ವಾ. ಶುಭ ಕಾರ್ಯದಾಗ ನನ್ನ ಸುದ್ದಿ ಯಾಕ? ಕೂಸು ಚೆಂದಾಗಿರ್ಲಿ, ನಾನು ಹಿಂದೆ ಕುಂತು ನೋಡ್ತೀನಿ."

"ನೀನು ಮುಂದೆ ಕೂಡ್ಬೇಕು. ಸ್ಟೇಜಿಗೂ ಬರ್ಬೇಕು."

"ನಾನು ಬರಂಗಿಲ್ಲ" ಎಂದು ದಾರ ಹಲ್ಲಿನಲ್ಲಿ ಕಡಿದಳು. ಅಂಥಾ ಹೊತ್ತಿನಲ್ಲಿ ಅವಳ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಫೋನನ್ನು ಮಿಷನ್ನಿನ ಕೆಳಗಿಟ್ಟು, ಅವಳು ತುಳಿಯುವಾಗಿನ ಸದ್ದನ್ನು ಹತ್ತು ನಿಮಿಷ ಹಿಡಿದುಕೊಂಡು ಬಂದೆ.

ಅವ್ವನದೇ ಒಂದು ಫೋಟೊ ಬೇಕಿತ್ತು. ಅವಳು ಒಬ್ಬಳೇ ಇರುವ ಫೋಟೊ ಒಂದೇ ಒಂದು, ವಿಧವಾ ವೇತನದ ಅರ್ಜಿಗೆ ತೆಗೆಸಿದ ಪಾಸ್‌ಪೋರ್ಟ್ ಅಳತೆಯದು. ಹಣೆಯಲ್ಲಿ ವಿಭೂತಿ, ಕಣ್ಣಲ್ಲಿ ಗಾಬರಿ. ಅದನ್ನು ವಿನೋಬನಗರದ ಸ್ಟುಡಿಯೊಗೆ ಕೊಟ್ಟು, ದೊಡ್ಡದು ಮಾಡಿ ಕಲೆ ತೆಗೆದುಕೊಡಿ ಎಂದೆ. ಸ್ಟುಡಿಯೊದ ಸಾಹೇಬರು ನನ್ನ ವಯಸ್ಸಿನವರೇ. ನಮ್ಮ ಮನೆತನದ ಮದುವೆಗಳ ಫೋಟೊ ತೆಗೆದದ್ದೆಲ್ಲ ಅವರ ತಂದೆ.

ಎರಡು ದಿನ ಬಿಟ್ಟು ಹೋದರೆ ಕಂಪ್ಯೂಟರಿನಲ್ಲಿ ಅವ್ವ ಇದ್ದಳು, ಕೊರಳಿಗೆ ಗಂಧದ ಹಾರ, ಮುಂದೆ ಉರಿಯುವ ದೀಪ, ಹಿಂದೆ ನೀಲಿ ಮೋಡ, ಕೇಳುವವರ ಕರುಳು ಹಿಂಡುವ ಒಂದು ಕೊಳಲು.

"ಅಕ್ಕಾರೆ, ಯಾವಾಗ ತೀರ್ಕೊಂಡ್ರು? ತಾರೀಖು ಹೇಳಿದ್ರೆ ಕೆಳಗೆ ಹಾಕ್ತೀನಿ."

"ಇನ್ನೂ ತೀರ್ಕೊಂಡಿಲ್ಲ ಸಾಹೇಬ್ರೆ. ನಿನ್ನೆ ನಾಲ್ಕು ಜಂಪರ್ ಹೊಲ್ದಾಳೆ."

ಪಾಪ, ಅವರು ಕುರ್ಚಿಯಿಂದಲೇ ಎದ್ದು ನಿಂತರು. "ಗಲತಿ ಆಗೋಯ್ತು, ಮಾಫ್ ಮಾಡ್ರಿ. ವಿಭೂತಿ ಹಚ್ಚಿದ ಅಜ್ಜಿ ಫೋಟೊ ಒಂದೇ ತಂದು ದೊಡ್ಡದು ಮಾಡ್ರಿ ಅಂದ್ರೆ ಪುಣ್ಯಸ್ಮರಣೆಗೇ ಆಗಿರ್ತೈತೆ. ಬೇರೆದಕ್ಕೆ ಇವತ್ತಿನವರೆಗೆ ಯಾರೂ ತಂದಿಲ್ರಿ."

ಅವರು ಹೇಳಿದ್ದು ನಿಜ. ಹಾರ ತೆಗೆಯುತ್ತಾ ಅವರು ಇನ್ನೊಂದು ಮಾತು ಹೇಳಿದರು. "ನಮ್ಮ ಅಬ್ಬಾ ಕ್ಲಿಕ್ ಮಾಡೋಕೆ ಮುಂಚೆ, ಎಲ್ರೂ ಬಂದ್ರಾ ಅಂತ ಎರಡು ಸಲ ಕೇಳೋರು."

ಕೇಳುತ್ತಿದ್ದರು, ನನಗೆ ನೆನಪಿದೆ. ಎಲ್ಲರೂ ಬಂದರು ಎಂದು ನಾವೇ ಕೂಗಿ ಹೇಳುತ್ತಿದ್ದೆವು. ಹಾರದ ಫೋಟೊವನ್ನೂ ಫೋನಿನಲ್ಲಿ ಉಳಿಸಿಕೊಂಡು, ಹರಿಹರಕ್ಕೆ ಹೋಗಿ ಅವ್ವನಿಗೆ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, "ಹಾರ ಚಲೋ ಐತೆ. ಇದ್ದಾಗ್ಲೇ ನೋಡ್ಕೊಂಡೆ" ಎಂದಳು.

ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು. ಯಾರು ಮುಟ್ಟಿಸಿದರೋ, ಮನೆತನದಲ್ಲಿ ಅದಕ್ಕೇನೂ ಕೊರತೆಯಿಲ್ಲ. ಎಂಬತ್ತೆರಡರ ವಯಸ್ಸಿನಲ್ಲಿ ಕೋಲೂರಿಕೊಂಡು ನಮ್ಮ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತರು. ಅವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಅಪ್ಪ ಹೋದಮೇಲೆ ನನ್ನನ್ನು ಓದಿಸಲೇಬೇಕೆಂದು ಹಟ ಹಿಡಿದವರು ಅವರೇ.

"ಫೋಟೊ ಹಾಕು, ಚೆಂದ. ಆ ಮಾತೆಲ್ಲಾ ಬ್ಯಾಡ. ಬೀಗರ ಮುಂದೆ ನಮ್ಮನ್ನ ಕಟಕಟೆಗೆ ನಿಲ್ಲಿಸ್ತೀಯೇನು?"

"ನಾನು ಯಾರನ್ನೂ ಬೈಯಂಗಿಲ್ಲ ದೊಡ್ಡಪ್ಪಾ. ಜಂಪರ್ ಯಾರು ಹೊಲ್ದ್ರು ಅಂತ ಹೇಳ್ತೀನಿ, ಅಷ್ಟೇ."

"ಪದ್ಧತಿ ನಾನು ಮಾಡಿದ್ದೇನವ್ವಾ? ಮೊದ್ಲಿಂದ ಬಂದಿದ್ದು."

"ಹಂಗಾದ್ರೆ ನಮ್ಮ ಮನ್ಯಾಗ ಇಲ್ಲಿಗೇ ನಿಲ್ಲುತ್ತೆ ಬಿಡ್ರಿ."

"ನಿನ್ನ ಧಾರೆ ಎರೆದವ್ನು ನಾನು!" ಎಂದು ಕೋಲನ್ನು ನೆಲಕ್ಕೆ ಕುಟ್ಟಿದರು.

"ಹೌದು. ಆಗ ನಿಮ್ಮ ಪಕ್ಕ ನಿಂತಿದ್ದ ದೊಡ್ಡಮ್ಮನ ಜಂಪರ್ ಹೊಲಿದವಳು ಉಗ್ರಾಣದಾಗ ಇದ್ಲು."

ನನ್ನ ಗಂಡ ಪತ್ರಿಕೆಯ ಒಂದೇ ಪುಟವನ್ನು ಅಷ್ಟು ಹೊತ್ತೂ ಓದುತ್ತಿದ್ದರು. ದೊಡ್ಡಪ್ಪ ಚಹಾ ಕುಡಿಯದೆ ಎದ್ದು ಹೋದರು. ಅವ್ವನ ಕಥೆಯಲ್ಲಿ ಒಂದನ್ನೂ ಬಿಡಬಾರದು ಎಂದು ನಾನು ಆಗಲೇ ಗಟ್ಟಿಮಾಡಿಕೊಂಡೆ.

ದನಿ ಹಿಡಿಯುವುದು ನಾನು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಫ್ಯಾನ್ ಹಾಕಿದರೆ ಫ್ಯಾನಿನ ಸದ್ದು, ಕಿಟಕಿ ತೆಗೆದರೆ ಮೈಕಿನಲ್ಲಿ ಸೊಪ್ಪು ಮಾರುವವನು, ಪಕ್ಕದ ಮನೆಯ ಕುಕ್ಕರ್ ಬೇರೆ. ಕೊನೆಗೆ ಸೀರೆಯ ಬೀರುವಿನ ಬಾಗಿಲು ತೆಗೆದು, ಸೀರೆಗಳ ನಡುವೆ ತಲೆ ಹುದುಗಿಸಿ ಓದಿದೆ. ಅಲ್ಲಿ ದನಿ ಸ್ವಚ್ಛವಾಗಿ ಬಂತು. ಮೊದಲು ಬರೆದದ್ದು ಪಾಠದಂತಿತ್ತು, ಹರಿದು ಹಾಕಿದೆ. ಅವ್ವ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ಆ್ಯಪಿನಲ್ಲಿ ಫೋಟೊಗೆ ಮೂರು ಸೆಕೆಂಡು ಇತ್ತು. ಮುಖ ನೋಡಲು ಸಾಕು, ಹೊಲಿಗೆ ನೋಡಲು ಸಾಲದು, ಹನ್ನೆರಡು ಮಾಡಿದೆ. ಮಗಳು ಒಂದು ಸಿತಾರಿನ ತುಣುಕು ಹುಡುಕಿ ಕೊಟ್ಟಳು. ಅದನ್ನು ಸಣ್ಣ ಮಾಡಿ, ಕೆಳಗೆ ಮಿಷನ್ನಿನ ಸದ್ದು ಹರಿಸಿದೆ. ಸಿತಾರು ಅದಕ್ಕೆ ಸರಿಯಾಗಿ ಕೂಡಿಕೊಂಡಿತು. ಬೀಗರಿಗೆ ಏನೆನ್ನಿಸುತ್ತದೋ ಎಂದು ಗಂಡ ಗೊಣಗಿದಾಗ ಮಗಳೇ ಹೇಳಿದಳು, "ಅನ್ನಿಸ್ಲಿ ಬಿಡಪ್ಪಾ."

ಆರತಕ್ಷತೆಯ ದಿನ ಸಂಜೆ ಮಂಟಪದ ಹಾಲು ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ಅವ್ವನಿಗೆಂದು ಕುರ್ಚಿ ಇಟ್ಟು ನಾನೇ ಕೈಹಿಡಿದು ಕೂಡಿಸಿದ್ದೆ. ಈ ಕಡೆ ತಿರುಗುವಷ್ಟರಲ್ಲಿ ಅವಳು ಎದ್ದು ಹೋಗಿ ಕೊನೆಯ ಸಾಲಿನಲ್ಲಿ, ಊಟದ ಹಾಲಿನ ಬಾಗಿಲ ಹತ್ತಿರ ಕೂತಿದ್ದಳು. ದೀಪ ಆರಿಸಿದರು. ಪರದೆಯ ಮೇಲೆ ಹಾರವಿಲ್ಲದ ಅವ್ವ ಬಂದಳು. ಮಿಷನ್ನಿನ ಸದ್ದು ಹಾಲಿನಲ್ಲೆಲ್ಲ ಹರಡಿತು. "ಇವರು ಮದುಮಗಳ ಅಜ್ಜಿ. ಇನ್ನು ಮುಂದಿನ ಯಾವ ಫೋಟೊದಲ್ಲೂ ನಿಮಗೆ ಇವರು ಕಾಣುವುದಿಲ್ಲ" ಎಂದಿತು ನನ್ನ ದನಿ. ಅಷ್ಟೇ. ಸದ್ದು ನಿಂತುಹೋಯಿತು.

ವೈರು ಕಿತ್ತಿರಬೇಕು ಎಂದುಕೊಂಡೆ. ಫೋಟೊಗಳು ಮಾತ್ರ ಸುಮ್ಮನೆ ಬದಲಾಗುತ್ತಿದ್ದವು. ಪರದೆ ನಡೆಸುವವನ ಹತ್ತಿರ ಓಡಿದರೆ ಅವನ ಪಕ್ಕದಲ್ಲಿ ದೊಡ್ಡಪ್ಪ ಕೋಲೂರಿ ನಿಂತಿದ್ದರು. "ಹಿರೇರು ಬಂದ್ ಮಾಡು ಅಂದ್ರು ಮೇಡಂ" ಎಂದ ಅವನು. ಜನ ಆಗಲೇ ಗುಂಪು ಫೋಟೊಗಳಲ್ಲಿ ತಮ್ಮ ತಮ್ಮ ಮುಖ ಹುಡುಕಿಕೊಂಡು ನಗುತ್ತಿದ್ದರು. ಅವ್ವ ಇಲ್ಲದ ಫೋಟೊಗಳು, ಅವ್ವನ ಮಾತೂ ಇಲ್ಲದೆ, ಹಿಂದಿನ ಹಾಗೆಯೇ ಚೆಂದ ಕಾಣುತ್ತಿದ್ದವು. ಕಾರ್ಯಕ್ರಮ ನಿರೂಪಿಸುತ್ತಿದ್ದ ಹುಡುಗಿಯ ಕೈಯಿಂದ ಮೈಕು ಕಿತ್ತುಕೊಂಡೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಆ ಹಸಿರು ಜಂಪರ್ ನಾನು ಹೊಲಿದಿದ್ದು."

ಅವ್ವ ಎದ್ದು ನಿಂತಿದ್ದಳು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅವಳು ಕುರ್ಚಿಗಳ ನಡುವಿನ ದಾರಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪರದೆಯ ಮೇಲಿಂದ ಕಣ್ಣು ತೆಗೆಯದೆ ನಡೆದು ಬಂದಳು. ನನ್ನ ಕಡೆ ನೋಡಲಿಲ್ಲ, ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ನಿಂತಳು. ನಾನು ಮೈಕು ಕೊಟ್ಟೆ.

"ಇದೂ ನಂದೇ. ಕಂಕುಳಾಗ ತುಂಡು ಐತೆ, ನೋಡ್ರಿ, ಕಾಣಂಗಿಲ್ಲ" ಎಂದಳು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಇದು ಸಣ್ಣತ್ತೇದು. ಇದರ ಕಥಿ ಹೇಳಂಗಿಲ್ಲ, ಆಕಿ ಇಲ್ಲೇ ಕುಂತಾಳೆ." ಈ ಸಲ ಹಾಲಿಗೆ ಹಾಲೇ ನಕ್ಕಿತು. ಸೂಜಿ ಹಿಡಿದ ಕೈಯ ಫೋಟೊ ಬಂದಾಗ ಅವಳು ಪರದೆಯ ಹತ್ತಿರ ಹೋಗಿ ಬೆರಳು ತೋರಿಸಿದಳು. "ಈ ಕೈ ನಂದು. ಉಳಿದ ನಾನು ಆ ಕಡೆ ನಿಂತಿದ್ದೆ." ಆಗ ಯಾರೂ ನಗಲಿಲ್ಲ.

ದೊಡ್ಡಪ್ಪ ವೇದಿಕೆಯ ಬುಡದವರೆಗೆ ಬಂದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಇವರ ಎದುರು ನಿಂತು ದನಿಯೆತ್ತಿದ್ದನ್ನು ನಾನಂತೂ ಕಂಡಿರಲಿಲ್ಲ.

"ಸಾಕವ್ವಾ, ಇಳಿ. ಜನ ನೋಡ್ತಾ ಅದಾರೆ. ಹೋಗಿ ಕೂಡು" ಎಂದರು.

ಅವ್ವ ಮೈಕನ್ನು ಬಾಯಿಂದ ದೂರ ಸರಿಸಲಿಲ್ಲ.

"ಇನ್ನೂ ಭಾಳ ಫೋಟೊ ಅದಾವೆ ಭಾವಾರೆ" ಎಂದಳು. "ನೀವು ಕೂಡ್ರಿ."

ದೊಡ್ಡಪ್ಪ ಅತ್ತಿತ್ತ ನೋಡಿದರು. ಮುಂದಿನ ಸಾಲಿನಲ್ಲಿ ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಹೋಗಿ ಕೂತರು.