ಸಿಕ್ಸ್ಟನ್ನನ ಮೇಪಲ್ ಮರ

ಸ್ವೀಡನ್ನಿನ ಉಪ್ಸಾಲಾ ಊರಿನ ಸಿಕ್ಸ್ಟನ್ ಹೂಪಾತಿಗೆ ಗೊಬ್ಬರ ಹಾಕುವಾಗಲೂ ಟೈ ಕಟ್ಟಿಕೊಳ್ಳುವ ಮನುಷ್ಯ. ಮರದ ಎಲೆಗಳು ದಿನಕ್ಕೊಂದು ಬಣ್ಣಕ್ಕೆ ತಿರುಗುವ ಅಕ್ಟೋಬರ್ ಬಂತೆಂದರೆ ಎಲೆ ಗುಡಿಸುವ ನೆಪದಲ್ಲಿ ಬೇಲಿಯ ಬಳಿ ನಿಂತುಬಿಡುತ್ತಾನೆ, ಅಂಚೆಯವಳನ್ನೂ ನಾಯಿ ತಿರುಗಾಡಿಸಲು ಹೊರಟವರನ್ನೂ ತಡೆದು, "ನಮ್ಮ ಮೇಪಲ್ ಇವತ್ತು ಯಾವ ಬಣ್ಣ, ಹೇಳಿ ನೋಡೋಣ?" ಎನ್ನುತ್ತಾನೆ. "ಹೊಗಳಿಸ್ಕೊಳ್ಳೋ ಚಟ ನೋಡಿ ಇವನಿಗೆ!" ಎಂದು ಪಕ್ಕದ ಮನೆಯ ಗುನ್ವರ್ ನಗುತ್ತಾಳೆ. ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ಅವನ ಕಣ್ಣಿಗೆ ಹುಟ್ಟಿನಿಂದಲೇ ತಿಳಿಯದೆಂಬುದು ಮನೆಯವರಿಗಲ್ಲದೆ ಯಾರಿಗೂ ಗೊತ್ತಿಲ್ಲ. ಹೆಂಡತಿ ಮೈಕೆನ್ ಬದುಕಿದ್ದಾಗ ದಿನವೂ ಅವನ ತೋಳು ಹಿಡಿದು ಮರದ ಕೆಳಗೆ ನಿಂತು ಹೇಳುತ್ತಿದ್ದಳು: "ಜ್ವರ ಬಂದಾಗ ಮಗಳ ಕೆನ್ನೆ ಮುಟ್ಟಿದ್ಯಲ್ಲ, ಇವತ್ತು ಹಾಗಿದೆ ಕಣೋ." ಈಗ ಆ ಮಗಳು ಅಡುಗೆಮನೆಯ ಕಿಟಕಿಯಿಂದಲೇ, "ಕೆಂಪು, ಅಪ್ಪಾ, ಕೆಂಪೇ! ಬಾ, ಸೂಪು ಆರ್ತಿದೆ," ಎಂದು ಕೂಗುತ್ತಾಳೆ. ಅಷ್ಟಕ್ಕೇ ಮಾತು ಮುಗಿಯಿತೆಂದು ನಂಬಲಾರದೆ ಸಿಕ್ಸ್ಟನ್ ತಲೆಯೆತ್ತಿ ಅಲ್ಲೇ ನಿಂತಿರುತ್ತಾನೆ.